ಕೊಳವೆಯ ಬಾಯಿ ನೋಡಿ ಕೊಳ್ಳಿ

ಡಬ್ಬದ ಮೇಲೆ ದಪ್ಪಕ್ಷರದಲ್ಲಿ ‘675 ಪಟ್ಟು’ ಎಂದಿದ್ದರೆ ಆ ಟೆಲಿಸ್ಕೋಪನ್ನು ಅಂಗಡಿಯಲ್ಲೇ ಬಿಟ್ಟು ಬರುವುದು ಕ್ಷೇಮ. ಮಿಲಿಮೀಟರಿಗೆ ಎರಡು ಪಟ್ಟು ಎಂಬುದು ಹವ್ಯಾಸಿಗಳ ಲೆಕ್ಕ, 60 ಮಿ.ಮೀ. ಬಾಯಿಯ ಕೊಳವೆ 120 ಪಟ್ಟು ದಾಟಿದರೆ ಗುರುಗ್ರಹ ದೊಡ್ಡದಾಗುತ್ತದೆ ನಿಜ, ಆದರೆ ಬರೀ ಮಸುಕು. ಗೆಲಿಲಿಯೊ 1610ರಲ್ಲಿ ಗುರುವಿನ ನಾಲ್ಕು ಚಂದ್ರರನ್ನು ಕಂಡದ್ದು ಸುಮಾರು 20 ಪಟ್ಟಿನಲ್ಲಿ.

ಕೇಳಬೇಕಾದ್ದು ಬಾಯಿಯ ಅಗಲ. 70 ಮಿ.ಮೀ.ಗಿಂತ 150 ಮಿ.ಮೀ. ಕನ್ನಡಿ ನಾಲ್ಕೂವರೆ ಪಟ್ಟು ಹೆಚ್ಚು ಬೆಳಕು ಹಿಡಿಯುತ್ತದೆ. ಆಮೇಲೆ ಸ್ಟ್ಯಾಂಡು: ಬೆರಳು ತಾಗಿದರೆ ನಡುಗುವ ಟ್ರೈಪಾಡಿನ ಮೇಲೆ ಎಂಥ ಲೆನ್ಸೂ ದಂಡ.

ಈ ಎರಡಕ್ಕೂ ಅಗ್ಗದ ಉತ್ತರ ಕೊಟ್ಟವನು ಒಬ್ಬ ಸನ್ಯಾಸಿ. ಸ್ಯಾನ್ ಫ್ರಾನ್ಸಿಸ್ಕೊದ ವೇದಾಂತ ಸೊಸೈಟಿಯ ಆಶ್ರಮದಲ್ಲಿದ್ದ ಜಾನ್ ಡಾಬ್ಸನ್ ಹಳೆಯ ಗಾಜನ್ನು ಉಜ್ಜಿ ಕನ್ನಡಿ ಮಾಡಿದ, ರಟ್ಟಿನ ಕೊಳವೆಯಲ್ಲಿ ಕೂರಿಸಿದ, ಪ್ಲೈವುಡ್ ಪೆಟ್ಟಿಗೆಯ ಮೇಲೆ ತಿರುಗುವಂತೆ ಇಟ್ಟ. 1967ರಲ್ಲಿ ಆಶ್ರಮ ಬಿಡಬೇಕಾಯಿತು. ಮುಂದೆ ಫುಟ್‌ಪಾತಿನಲ್ಲಿ ನಿಂತು ದಾರಿಹೋಕರಿಗೆ ಚಂದ್ರನನ್ನು ತೋರಿಸಿದ. ಅವನ ಹೆಸರಿನ ‘ಡಾಬ್ಸೋನಿಯನ್’ ಇಂದಿಗೂ ಹೊಸಬರಿಗೆ ಮೊದಲ ಆಯ್ಕೆ. ಆರಿಂಚಿನ ಡಾಬ್ಸೋನಿಯನ್ನಿನ ನಾಭಿದೂರ ಸಾಮಾನ್ಯವಾಗಿ 1200 ಮಿ.ಮೀ.; 25 ಮಿ.ಮೀ. ಐಪೀಸ್ ಹಾಕಿದರೆ 48 ಪಟ್ಟು. ಶನಿಯ ಬಳೆ ಕಾಣಲು ಅಷ್ಟು ಸಾಕು.

ಧ್ರುವ ನಕ್ಷತ್ರಕ್ಕೆ ಗುರಿಯಿಟ್ಟು ಹೊಂದಿಸುವ ಇಕ್ವಟೋರಿಯಲ್ ಸ್ಟ್ಯಾಂಡಿಗೆ ಬೆಂಗಳೂರಿನವರು ಮರುಳಾಗದಿರುವುದು ಒಳ್ಳೆಯದು. ಇಲ್ಲಿ ಧ್ರುವ ಏರಿರುವುದೇ 13 ಡಿಗ್ರಿ. ಬಹುಪಾಲು ಎದುರುಮನೆಯ ನೀರಿನ ಟ್ಯಾಂಕಿನ ಹಿಂದೆ.

ಇನ್ನು ನೋಡುವ ಬಗೆ. ಹುಣ್ಣಿಮೆಯ ಚಂದ್ರ ಟೆಲಿಸ್ಕೋಪಿಗೆ ಸಪ್ಪೆ. ಅಷ್ಟಮಿಯ ಆಸುಪಾಸಿನಲ್ಲಿ ಬೆಳಕು-ಕತ್ತಲೆ ಸೇರುವ ಗೆರೆಯುದ್ದಕ್ಕೂ ಕುಳಿಗಳ ನೆರಳು ಉದ್ದವಾಗಿ ಬಿದ್ದಿರುತ್ತದೆ. ಅಲ್ಲೇ ಅರ್ಧ ಗಂಟೆ ಕಳೆಯಬಹುದು. ಓರಿಯನ್ ನೀಹಾರಿಕೆಯಲ್ಲಿ ಫೋಟೋದ ಕೆಂಪು-ನೇರಳೆ ಹುಡುಕುವವರಿಗೆ ನಿರಾಸೆ ಖಂಡಿತ. ಕಣ್ಣಿಗೆ ಸಿಗುವುದು ಬೂದುಬಣ್ಣದ ಮಂಜು. ಮೊಬೈಲು ಜೇಬಿಗೆ ಸೇರಿಸಿ, ಕಾಲು ಗಂಟೆಯಾದರೂ ಕತ್ತಲಿಗೆ ಕಣ್ಣು ಒಗ್ಗಿಸಿಕೊಂಡು, ನೇರ ನೋಡದೆ ತುಸು ಪಕ್ಕಕ್ಕೆ ದೃಷ್ಟಿ ಹೊರಳಿಸಿದರೆ ಆ ಮಂಜಿನ ರೆಕ್ಕೆಗಳು ಬಿಚ್ಚಿಕೊಳ್ಳುತ್ತವೆ. ಕಣ್ಣಿನಂಚಿಗೆ ಮಂದ ಬೆಳಕಿನ ಸೂಕ್ಷ್ಮ ಹೆಚ್ಚು.

ಸೂರ್ಯನತ್ತ ಮಾತ್ರ, ಕೊಳವೆಯ ಬಾಯಿಗೆ ಸರಿಯಾದ ಸೌರ ಫಿಲ್ಟರ್ ಬಿಗಿಯದೆ ತಿರುಗಿಸಕೂಡದು. ಕಣ್ಣು ಹೋಗುತ್ತದೆ.

ದುಡ್ಡು ಸಾಲದಿದ್ದರೆ ಕಳಪೆ ಟೆಲಿಸ್ಕೋಪಿಗಿಂತ 10×50 ಬೈನಾಕ್ಯುಲರ್ ಮೇಲು. ಕೃತ್ತಿಕೆಯ ಗೊಂಚಲು ಅದರಲ್ಲಿ ಇಡಿಯಾಗಿ ತುಂಬಿಕೊಳ್ಳುತ್ತದೆ. ಮಲೆನಾಡು, ಕರಾವಳಿಯವರು ಯಾವುದನ್ನೇ ಕೊಂಡರೂ ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಬೇಕು. ಲೆನ್ಸಿನ ಮೇಲೆ ಬೂಷ್ಟು ಬೇಗ ಹಿಡಿಯುತ್ತದೆ, ಸುಲಭಕ್ಕೆ ಬಿಡುವುದಿಲ್ಲ.