ಕೊಲೆಯ ಕಥೆಯೂ ಕಥನದ ಧರ್ಮವೂ

ನಮ್ಮ ಪ್ರಾಚೀನ ಲಾಕ್ಷಣಿಕರು ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ಎರಡಾಗಿ ವಿಭಾಗಿಸಿದರು. ಅಚ್ಚಿನ ಯಂತ್ರವು ಬಂದಮೇಲೆ ಶ್ರವ್ಯವೆಂಬ ಹೆಸರು ಉಳಿದು, ಕೇಳುವ ರೂಢಿಯು ಬಹುಮಟ್ಟಿಗೆ ಅಳಿದುಹೋಯಿತು. ಪಾಡ್‌ಕಾಸ್ಟ್ ಎಂಬ ಹೊಸ ಬಗೆಯ ಶ್ರವ್ಯ ಧಾರಾವಾಹಿಯು ಆ ರೂಢಿಯನ್ನು ಈಗ ಮರಳಿ ತಂದಿದೆ. ಆದರೆ ಅದರಲ್ಲಿ ಬಹು ಜನರು ಆಸೆಯಿಂದ ಕೇಳುತ್ತಿರುವುದು ನಿಜವಾಗಿ ನಡೆದ ಕೊಲೆಗಳ ವೃತ್ತಾಂತವನ್ನು. ಒಬ್ಬನ ಮರಣವು ಇನ್ನೊಬ್ಬನ ಸಂಜೆಯ ವಿನೋದವಾಗುವುದು ಉಚಿತವೇ ಎಂಬ ಪ್ರಶ್ನೆಯಿಂದ ವಿಮರ್ಶಕನು ತಪ್ಪಿಸಿಕೊಳ್ಳಲಾರನು. ಇದನ್ನು ಪರೀಕ್ಷಿಸಲು ಇಂಗ್ಲೆಂಡಿನಲ್ಲಿ ೨೦೧೬ರಲ್ಲಿ ಹೊರಬಂದ 'ಅನ್‌ಟೋಲ್ಡ್: ದಿ ಡೇನಿಯಲ್ ಮಾರ್ಗನ್ ಮರ್ಡರ್' ಎಂಬ ಕೃತಿಯು ತಕ್ಕ ನಿದರ್ಶನವಾಗಿದೆ. ಇದನ್ನು ಪತ್ರಕರ್ತರಾದ ಪೀಟರ್ ಜೂಕ್ಸ್ ಅವರು ಮೃತನ ಅಣ್ಣನಾದ ಅಲಸ್ಟೇರ್ ಮಾರ್ಗನ್ ಅವರೊಡಗೂಡಿ ರಚಿಸಿದ್ದಾರೆ.

ಕಥಾವಸ್ತು ಸಂಕ್ಷೇಪವಾಗಿ ಹೀಗಿದೆ. ಖಾಸಗಿ ಪತ್ತೇದಾರನಾಗಿದ್ದ ಡೇನಿಯಲ್ ಮಾರ್ಗನ್ ೧೯೮೭ರ ಮಾರ್ಚ್ ೧೦ರ ರಾತ್ರಿ ಆಗ್ನೇಯ ಲಂಡನ್ನಿನ ಸಿಡನ್‌ಹ್ಯಾಮಿನಲ್ಲಿ, ಗೋಲ್ಡನ್ ಲಯನ್ ಎಂಬ ಪಾನಗೃಹದ ಹಿಂದೆ ವಾಹನಗಳನ್ನು ನಿಲ್ಲಿಸುವ ಅಂಗಳದಲ್ಲಿ, ಕೊಡಲಿಯೇಟಿನಿಂದ ಹತನಾದನು. ಆಗ ಅವನಿಗೆ ೩೭ ವರ್ಷ. ಕೊಲೆ ನಡೆದ ಸ್ಥಳವನ್ನು ಪೋಲೀಸರು ಕಾವಲಿಲ್ಲದೆ ಬಿಟ್ಟರು. ಸರಿಯಾಗಿ ಶೋಧಿಸಲೂ ಇಲ್ಲ. ಮೊದಲ ತನಿಖೆಯಲ್ಲಿ ಭಾಗವಹಿಸಿದ್ದ ಅಧಿಕಾರಿಯೊಬ್ಬನು ಮುಂದೆ ನೌಕರಿಯನ್ನು ಬಿಟ್ಟು, ಸತ್ತವನ ಸ್ಥಾನದಲ್ಲಿಯೇ ಅವನ ಪತ್ತೇದಾರಿ ಸಂಸ್ಥೆಯ ಪಾಲುಗಾರನಾದನು. ಐದು ವಿಚಾರಣೆಗಳು ನಡೆದವು. ೨೦೧೧ರ ಮಾರ್ಚಿಯಲ್ಲಿ ಮೊಕದ್ದಮೆಯು ಮುರಿದುಬಿದ್ದು ಆರೋಪಿಗಳು ಬಿಡುಗಡೆಯಾದರು. ಈ ಕೊಲೆಗಾಗಿ ಯಾರಿಗೂ ಶಿಕ್ಷೆಯಾಗಿಲ್ಲ.

ಸಾಮಾನ್ಯ ಪತ್ತೇದಾರಿ ಕಥೆಯು 'ಕೊಂದವರು ಯಾರು?' ಎಂಬ ಒಂದೇ ಎಳೆಯನ್ನು ಹಿಡಿದು ಓಡುತ್ತದೆ. ಈ ಕೃತಿಯ ಹಿರಿಮೆಯಿರುವುದು ಆ ಪ್ರಶ್ನೆಯನ್ನು ಹಿಂದಿಕ್ಕಿ, 'ನ್ಯಾಯವನ್ನು ತಡೆದವರು ಯಾರು?' ಎಂಬುದನ್ನು ಮುಂದಿಟ್ಟುದರಲ್ಲಿ. ಆಗ ಒಂದು ಅಂಗಳದ ಕೊಲೆಯು ರಾಜ್ಯದ ಕಥೆಯಾಗುತ್ತದೆ. ಆ ಪತ್ತೇದಾರಿ ಸಂಸ್ಥೆಯು ಭ್ರಷ್ಟ ಪೋಲೀಸರಿಂದ ಗುಟ್ಟುಗಳನ್ನು ಕೊಂಡು 'ನ್ಯೂಸ್ ಆಫ್ ದಿ ವರ್ಲ್ಡ್' ಮೊದಲಾದ ಪತ್ರಿಕೆಗಳಿಗೆ ಮಾರುತ್ತಿದ್ದಿತು. ೨೦೦೨ರಲ್ಲಿ ಮರುತನಿಖೆಯನ್ನು ಕೈಗೊಂಡ ಅಧಿಕಾರಿಯ ಮೇಲೆ ಅದೇ ಪತ್ರಿಕೆಯ ಜನರು ಕಣ್ಣಿಟ್ಟು ಹಿಂಬಾಲಿಸಿದರು. ಆ ಪತ್ರಿಕೆಯ ಮಾಜಿ ಸಂಪಾದಕನಾದ ಆಂಡಿ ಕೌಲ್ಸನ್ ೨೦೧೦ರಲ್ಲಿ ಪ್ರಧಾನಿ ಡೇವಿಡ್ ಕ್ಯಾಮರೂನ್ ಅವರ ವಾರ್ತಾಸಂಪರ್ಕದ ನಿರ್ದೇಶಕನಾಗಿದ್ದನು. ದೂರವಾಣಿಗಳ ಕಳ್ಳಗೇಳ್ವಿಯ ಹಗರಣದಿಂದಾಗಿ ೨೦೧೧ರ ಜನವರಿಯಲ್ಲಿ ರಾಜೀನಾಮೆಯಿತ್ತನು. ಕೊಲೆಗೂ ಅವನಿಗೂ ಸಂಬಂಧವಿದ್ದಿತೆಂದು ಇದರ ಅರ್ಥವಲ್ಲ. ಠಾಣೆ, ಪತ್ರಿಕೆ, ಮಂತ್ರಿಗೃಹ ಇವುಗಳ ಸ್ನೇಹವು ಬಿಗಿದಷ್ಟೂ ಸಾಮಾನ್ಯನ ಮೊರೆಯು ಹೇಗೆ ಕ್ಷೀಣವಾಗುವುದೆಂಬುದೇ ಇಲ್ಲಿಯ ತಾತ್ಪರ್ಯ.

ಇನ್ನು ದೋಷವನ್ನೂ ಹೇಳಬೇಕು. ಸತ್ತವನ ಅಣ್ಣನೇ ಕಥನದಲ್ಲಿ ಪಾಲುಗಾರನಾದುದರಿಂದ ಕೃತಿಗೆ ಬಂದ ಬಲವು ಅಪಾರ; ಅಪಾಯವೂ ಅಲ್ಲಿಯೇ ಇದೆ. ಕಿವಿಯಲ್ಲಿ ಬಿದ್ದ ಕಂಠಕ್ಕೆ ಕಾಗದದ ಮೇಲಿನ ಅಕ್ಷರಕ್ಕಿಲ್ಲದ ಸಲಿಗೆಯುಂಟು. ದುಃಖಿತನ ದನಿಯನ್ನು ಕೇಳಿದವನು ಸಾಕ್ಷ್ಯವನ್ನು ತೂಗುವ ಮೊದಲೇ ತೀರ್ಪನ್ನು ಕೊಟ್ಟುಬಿಡುತ್ತಾನೆ. ನ್ಯಾಯಾಸ್ಥಾನವು ಬಿಡುಗಡೆಮಾಡಿದವರನ್ನು ಶ್ರೋತೃವು ತನ್ನ ಮನೆಯಲ್ಲಿ ಕುಳಿತು ದಂಡಿಸುವುದು ನ್ಯಾಯವೆನಿಸದು. ಇಂತಹ ಕೃತಿಯನ್ನು ಕೇಳುವವನು ಕನಿಕರವನ್ನು ಧಾರಾಳವಾಗಿಯೂ ನಿರ್ಣಯವನ್ನು ಜಿಪುಣತನದಿಂದಲೂ ಬಳಸಬೇಕು.

ಕಾಲವು ಈ ಕೃತಿಯ ಮುಖ್ಯವಾದವನ್ನು ಎತ್ತಿಹಿಡಿದಿದೆ. ನುವಾಲಾ ಓ'ಲೋನ್ ಅವರ ಅಧ್ಯಕ್ಷತೆಯ ಸ್ವತಂತ್ರ ಮಂಡಲಿಯು ೨೦೨೧ರ ಜೂನ್ ೧೫ರಂದು ೧,೨೦೦ ಪುಟಗಳಿಗೂ ಮಿಕ್ಕ ವರದಿಯನ್ನು ಪ್ರಕಟಿಸಿತು. ಲಂಡನ್ನಿನ ಪೋಲೀಸು ಇಲಾಖೆಯು ತನ್ನ ಹೆಸರನ್ನು ಕಾಯ್ದುಕೊಳ್ಳುವುದಕ್ಕಾಗಿ ಲೋಪಗಳನ್ನು ಮುಚ್ಚಿತೆಂದೂ, ಇದು ಸಂಸ್ಥೆಯ ಮೈಗೇ ಹತ್ತಿದ ಭ್ರಷ್ಟತೆಯೆಂದೂ ಅದು ಸಾರಿತು. ೨೦೨೩ರ ಜುಲೈಯಲ್ಲಿ ಇಲಾಖೆಯು ಹೊಣೆಯನ್ನೊಪ್ಪಿ ಕುಟುಂಬದ ಕ್ಷಮೆ ಬೇಡಿತು. ಈ ಫಲವನ್ನು ಧಾರಾವಾಹಿಯೇ ತಂದಿತೆಂಬುದು ಅತಿಶಯೋಕ್ತಿ; ಮಂಡಲಿಯ ಘೋಷಣೆಯಾದುದು ೨೦೧೩ರಲ್ಲಿಯೇ. ಅದಕ್ಕೂ ಮೊದಲು ಇಪ್ಪತ್ತಾರು ವರ್ಷ ಬಾಗಿಲು ತಟ್ಟಿದುದು ಕುಟುಂಬವೇ. ಧಾರಾವಾಹಿಯು ಮಾಡಿದುದು ಆ ತಟ್ಟುವ ಸದ್ದನ್ನು ದೂರದವರಿಗೂ ಕೇಳಿಸಿದುದು.

ಆರಂಭದ ಪ್ರಶ್ನೆಗೆ ಉತ್ತರವು ಇದರಲ್ಲಿಯೇ ದೊರೆಯುತ್ತದೆ. ಔತ್ಸುಕ್ಯವು ಸಂಚಾರಿಭಾವಗಳಲ್ಲೊಂದು; ಸ್ಥಾಯಿಯೆನಿಸುವುದು ಶೋಕ. ಕೊಲೆಯ ಕಥನದಲ್ಲಿ ಔತ್ಸುಕ್ಯವೇ ಸ್ಥಾಯಿಯಾದರೆ ಅದು ಶವದ ಮೇಲಣ ವ್ಯಾಪಾರ. ಶೋಕವು ಸ್ಥಾಯಿಯಾಗಿ ನಿಂತು, ಔತ್ಸುಕ್ಯವು ಅದರ ಸೇವೆಗಾಗಿ ಬಂದು ಹೋದರೆ, ಅದು ಸತ್ತವನಿಗೆ ಸಲ್ಲಬೇಕಾದ ಋಣದ ಒಂದಂಶ. 'ಅನ್‌ಟೋಲ್ಡ್' ಬಹುಮಟ್ಟಿಗೆ ಎರಡನೆಯ ಪಂಕ್ತಿಗೆ ಸೇರಿದುದು; ಆದಕಾರಣ ಅದನ್ನು ವಾಚಕರು ಕೇಳಬಹುದು, ಕೇಳಿ ಆಲೋಚಿಸಬಹುದು.