ಮೊದಲು ಹಳದಿ ಗೆರೆ ನೋಡಿ

“ಥರ್ಡ್ ಆ್ಯಂಡ್ ಸೆವೆನ್.”

ಅಮೆರಿಕನ್ ಫುಟ್‌ಬಾಲ್ ಪಂದ್ಯವನ್ನು ಟಿ.ವಿ.ಯಲ್ಲಿ ಹತ್ತು ನಿಮಿಷ ನೋಡಿದರೂ ಇಂಥದ್ದೊಂದು ಮಾತು ಕಿವಿಗೆ ಬೀಳುತ್ತದೆ. ಅದರಲ್ಲಿ ಆಟಗಾರನ ಹೆಸರಿಲ್ಲ, ಕ್ರಿಯಾಪದವಿಲ್ಲ, ಯಾರು ಗೆಲ್ಲುತ್ತಿದ್ದಾರೆಂಬ ಸುಳಿವೂ ಇಲ್ಲ. ಆದರೆ ಪರ ಊರಿನ ತಂಡದ ಕೈಯಲ್ಲಿ ಚೆಂಡಿದ್ದಾಗ ಈ ಸ್ಥಿತಿ ಬಂತೆಂದರೆ, ಕ್ರೀಡಾಂಗಣದ ಅರವತ್ತು ಎಪ್ಪತ್ತು ಸಾವಿರ ಜನ ಕುರ್ಚಿ ಬಿಟ್ಟೆದ್ದು ಗಂಟಲು ಹರಿಯುವಂತೆ ಕೂಗತೊಡಗುತ್ತಾರೆ. ಎದುರಾಳಿ ನಾಯಕನ ಮಾತು ಅವನ ಜೊತೆಗಾರರಿಗೇ ಕೇಳಿಸಬಾರದು ಎಂಬುದೇ ಆ ಕೂಗಿನ ಉದ್ದೇಶ. ಈ ಆಟದ ಪದಕೋಶದಲ್ಲಿ ನೂರಾರು ಪದಗಳಿವೆ. ಅವನ್ನೆಲ್ಲ ಬಾಯಿಪಾಠ ಮಾಡುವ ಅಗತ್ಯವಿಲ್ಲ. ಥರ್ಡ್ ಆ್ಯಂಡ್ ಸೆವೆನ್ ಎಂದರೇನು, ಆಗ ಜನ ಏಕೆ ಎದ್ದು ನಿಲ್ಲುತ್ತಾರೆ ಎಂಬುದು ಗೊತ್ತಾದರೆ ಮಿಕ್ಕ ಪದಗಳು ತಾವಾಗಿಯೇ ಅದರ ಸುತ್ತ ಬಂದು ಕೂರುತ್ತವೆ.

ನನಗೆ ಇದನ್ನು ಹೇಳಿಕೊಟ್ಟವನು ಡಲ್ಲಾಸ್ ಬಳಿ ಇರುವ ಅಕ್ಕನ ಮಗ. ಅದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಗುರುವಾರ. ಆ ದಿನ ಡಲ್ಲಾಸ್ ಕೌಬಾಯ್ಸ್ ತಂಡ ತವರಿನಲ್ಲಿ ಆಡುವ ಪದ್ಧತಿ 1966ರಿಂದ ನಡೆದು ಬಂದಿದೆ. ಅಡುಗೆಮನೆಯಲ್ಲಿ ಅಕ್ಕ ಬಿಸಿಬೇಳೆಬಾತಿಗೆ ಒಗ್ಗರಣೆ ಹಾಕುತ್ತಿದ್ದಳು, ನಾನು ಪರದೆಯ ಮೇಲೆ ಚೆಂಡನ್ನು ಹುಡುಕುತ್ತಿದ್ದೆ.

“ಮಾಮ, ಬಾಲ್ ಬಿಡಿ. ಆ ಹಳದಿ ಗೆರೆ ನೋಡಿ,” ಅಂದ ಅವನು. “ಅಲ್ಲಿಗೆ ಮುಟ್ಟಿದರೆ ಆಟ ಅವರದ್ದು. ಮುಟ್ಟದಿದ್ದರೆ ಹೋಯ್ತು.”

ಅಷ್ಟು ಸಣ್ಣ ಹುಡುಗ ಅಷ್ಟು ದೊಡ್ಡ ಆಟವನ್ನು ಮೂರು ಮಾತಿನಲ್ಲಿ ಮುಗಿಸಿದ್ದು ಕಂಡು ನನಗೆ ಇಂದಿಗೂ ಬೆರಗು. ಆ ಹಳದಿ ಗೆರೆ ಮೈದಾನದಲ್ಲಿ ಇರುವುದೇ ಇಲ್ಲ. ಕಂಪ್ಯೂಟರ್ ಅದನ್ನು ಟಿ.ವಿ. ನೋಡುವವರಿಗಾಗಿ ಮಾತ್ರ ಎಳೆಯುತ್ತದೆ. 1998ರ ಸೆಪ್ಟೆಂಬರಿನಲ್ಲಿ ಮೊದಲ ಸಲ ಬಂತು. ಮೈದಾನದ ಅಂಚಿನಲ್ಲಿ ಇದ್ದದ್ದು ಒಂದು ಸರಪಳಿ. ಎರಡು ಕೋಲು, ನಡುವೆ ಸರಿಯಾಗಿ 10 ಗಜದ ಸರಪಳಿ, ಹಿಡಿಯಲು ಜನ. ನಮ್ಮಲ್ಲಿ ಸರ್ವೆಯವರು ಹೊಲದ ಬದುವಿನ ಮೇಲೆ ಸರಪಳಿ ಎಳೆಯುತ್ತಿದ್ದುದನ್ನು ಕಂಡವರಿಗೆ ಈ ನೋಟ ಹೊಸದೆನಿಸುವುದಿಲ್ಲ. ‘ಮೂವ್ ದ ಚೈನ್ಸ್’ ಎಂಬ ಪದಗುಚ್ಛ ಬಂದದ್ದು ಅಲ್ಲಿಂದಲೇ. ಹತ್ತು ಗಜ ದಕ್ಕಿತು, ಇನ್ನು ಸರಪಳಿಯನ್ನು ಮುಂದಕ್ಕೆ ಒಯ್ಯಿರಿ ಎಂದು ಅದರ ಅರ್ಥ. 2025ರ ಋತುವಿನಿಂದ ಅಮೆರಿಕದ ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನ ಪಂದ್ಯಗಳಲ್ಲಿ ಸೂಕ್ಷ್ಮ ಅಳತೆಯನ್ನು ಕ್ಯಾಮೆರಾಗಳು ಮಾಡುತ್ತಿವೆ. ಸರಪಳಿಯವರು ಮಾತ್ರ ಅಂಚಿನಲ್ಲಿ ಈಗಲೂ ಇದ್ದಾರೆ.

ಮೈದಾನ 100 ಗಜ ಉದ್ದ, ಎರಡೂ ತುದಿಗೆ ಹತ್ತು ಹತ್ತು ಗಜದ ಎಂಡ್ ಝೋನ್. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶ. ಒಂದೊಂದು ಅವಕಾಶಕ್ಕೂ ‘ಡೌನ್’ ಎಂದು ಹೆಸರು. ನಾಲ್ಕು ಡೌನ್‌ಗಳೊಳಗೆ ಹತ್ತು ಗಜ ಮುಂದೆ ಹೋದರೆ ಮತ್ತೆ ಹೊಸದಾಗಿ ನಾಲ್ಕು. ಹೋಗದಿದ್ದರೆ ಚೆಂಡು ಎದುರಾಳಿಗೆ. ಮೊದಲ ಡೌನ್, ಹತ್ತು ಗಜ ಬೇಕು ಎಂದರೆ ‘ಫಸ್ಟ್ ಆ್ಯಂಡ್ ಟೆನ್’. ಎರಡು ಯತ್ನಗಳಲ್ಲಿ ಮೂರೇ ಗಜ ಸಿಕ್ಕಿತೆನ್ನಿ, ಮೂರನೆಯ ಡೌನ್ ಬಂತು, ಇನ್ನೂ ಏಳು ಗಜ ಬಾಕಿ. ಅದೇ ಥರ್ಡ್ ಆ್ಯಂಡ್ ಸೆವೆನ್. ಹತ್ತು ಗಜದ ಗೆರೆ ಎಂಡ್ ಝೋನಿನೊಳಕ್ಕೇ ಬೀಳುವಷ್ಟು ಹತ್ತಿರ ತಲುಪಿದಾಗ ಮಾತ್ರ ಅಂಕಿಯ ಜಾಗದಲ್ಲಿ ‘ಗೋಲ್’ ಎಂಬ ಪದ ಬರುತ್ತದೆ.

‘ಡೌನ್’ ಎಂಬ ಪದ ಹುಟ್ಟಿದ ಬಗೆ ಸೊಗಸಾಗಿದೆ. ರಗ್ಬಿಯಿಂದ ಈ ಆಟ ಕವಲೊಡೆಯುತ್ತಿದ್ದ ಕಾಲದಲ್ಲಿ, ಚೆಂಡು ಹಿಡಿದು ಓಡುವವನು ಎದುರಾಳಿಯ ಹಿಡಿತಕ್ಕೆ ಸಿಕ್ಕಿದೊಡನೆ ‘ಡೌನ್’ ಎಂದು ಕೂಗಬೇಕಿತ್ತು. ಕೂಗಿದ ಕೂಡಲೇ ಆಟ ನಿಲ್ಲುತ್ತಿತ್ತು. ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾಂಪ್ 1880ರಲ್ಲಿ ರಗ್ಬಿಯ ಗುಂಪುನೂಕಾಟವನ್ನು ತೆಗೆದು, ಚೆಂಡು ಒಂದು ಹೊತ್ತಿಗೆ ಒಂದೇ ತಂಡದ ವಶದಲ್ಲಿರಬೇಕು ಎಂಬ ನಿಯಮ ತಂದ. ಮರುವರ್ಷವೇ ಅದರ ಲೋಪ ಬಯಲಾಯಿತು. 1881ರ ಯೇಲ್–ಪ್ರಿನ್ಸ್‌ಟನ್ ಪಂದ್ಯದಲ್ಲಿ ಒಂದೊಂದು ತಂಡ ಪಂದ್ಯದ ಒಂದೊಂದು ಅರ್ಧದುದ್ದಕ್ಕೂ ಚೆಂಡನ್ನು ಅಪ್ಪಿಕೊಂಡು ಕೂತಿತು, ಫಲಿತಾಂಶ ಸೊನ್ನೆ–ಸೊನ್ನೆ. ಹಾಗಾಗಿ 1882ರಲ್ಲಿ ಹೊಸ ಕರಾರು ಬಂತು: ಮೂರು ಡೌನ್‌ಗಳಲ್ಲಿ ಐದು ಗಜ ಮುಂದೆ ಹೋಗಿ, ಇಲ್ಲವೇ ಚೆಂಡು ಬಿಡಿ. ಅಳತೆಗೆಂದು ಐದೈದು ಗಜಕ್ಕೊಂದು ಸುಣ್ಣದ ಗೆರೆ ಎಳೆದಾಗ ಮೈದಾನ ಕಬ್ಬಿಣದ ಸುಡುಜಾಲರಿಯ ಹಾಗೆ ಕಂಡಿತು. ‘ಗ್ರಿಡೈರನ್’ ಎಂಬ ಅಡ್ಡಹೆಸರು ಅಂಟಿದ್ದು ಆಗ. 1905ರಲ್ಲಿ ಆಟದ ಸಾವುನೋವು ಕಂಡು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಕಾಲೇಜುಗಳವರನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಿದರು. 1906ರಲ್ಲಿ ಐದು ಗಜ ಹತ್ತಾಯಿತು, ಚೆಂಡನ್ನು ಮುಂದಕ್ಕೆ ಎಸೆಯುವ ಫಾರ್ವರ್ಡ್ ಪಾಸ್‌ಗೆ ಒಪ್ಪಿಗೆ ಸಿಕ್ಕಿತು. ನಾಲ್ಕನೆಯ ಡೌನ್ ಬಂದದ್ದು 1912ರಲ್ಲಿ.

ಡೌನ್‌ಗೆ ಕನ್ನಡ ಪದ ಕಟ್ಟಬೇಕೆ ಎಂದು ಓದುಗರೊಬ್ಬರು ಹಿಂದೊಮ್ಮೆ ಕೇಳಿದ್ದರು. ಬೇಡ. ಕ್ರಿಕೆಟ್ ನಮ್ಮದಾದಾಗ ಬ್ಯಾಟ್ಸ್‌ಮನ್‌ನಿಗೆ ದಾಂಡಿಗ ಎಂದೆವು, ಚೆನ್ನಾಗಿಯೇ ನಿಂತಿತು. ಓವರ್, ವಿಕೆಟ್ ಹಾಗೇ ಉಳಿದವು, ಯಾರಿಗೂ ತೊಡಕಾಗಲಿಲ್ಲ. ಡೌನ್ ಕೂಡ ಆ ಸಾಲಿನದು.

ಈಗ ಥರ್ಡ್ ಆ್ಯಂಡ್ ಸೆವೆನ್‌ಗೆ ಮರಳೋಣ. ಎರಡು ಗಜ ಬೇಕಿದ್ದರೆ ಚೆಂಡು ಹಿಡಿದು ನುಗ್ಗಬಹುದು. ಏಳು ಗಜ ನುಗ್ಗಿ ಪಡೆಯುವುದು ಕಷ್ಟ, ಬಹುತೇಕ ಎಸೆಯಲೇಬೇಕು. ಇದು ಎಸೆಯುವವರಿಗೂ ಗೊತ್ತು, ತಡೆಯುವವರಿಗೂ ಗೊತ್ತು, ಕೂಗುವ ಎಪ್ಪತ್ತು ಸಾವಿರ ಜನರಿಗೂ ಗೊತ್ತು. ಗುಟ್ಟು ರಟ್ಟಾದ ಮೇಲೂ ಆಡಿ ಗೆಲ್ಲಬೇಕಾದ ಈ ಗಳಿಗೆಗಾಗಿಯೇ ನಾನು ಈ ಆಟ ನೋಡುವುದು.

ಮೊದಲು ತಡೆಯುವವರ ಕಡೆ ಕಣ್ಣಿಡಿ. ಪಾಸ್ ಬಂದೇ ಬರುತ್ತದೆಂದು ಭಾರಿ ಮೈಕಟ್ಟಿನ ಒಬ್ಬನನ್ನು ಹೊರಗೆ ಕರೆದು, ಬದಲಿಗೆ ಚುರುಕು ಓಟಗಾರನನ್ನು ಕಳಿಸುತ್ತಾರೆ. ಹಿಂದಿನ ಕಾವಲಿಗೆ ಮೂಲ ಲೆಕ್ಕದಲ್ಲಿ ನಾಲ್ವರು ‘ಡಿಫೆನ್ಸಿವ್ ಬ್ಯಾಕ್’ ಆಟಗಾರರು. ಐದನೆಯವನು ಸೇರಿದರೆ ಅದು ‘ನಿಕಲ್’. ಅಮೆರಿಕದ ಐದು ಸೆಂಟಿನ ನಾಣ್ಯದ ಹೆಸರದು. ಆರನೆಯವನೂ ಬಂದರೆ ‘ಡೈಮ್’, ಎಂದರೆ ಹತ್ತು ಸೆಂಟು. ಎರಡು ನಿಕಲ್ ಕೂಡಿದರೆ ಒಂದು ಡೈಮ್ ಎಂಬ ಸಂತೆಯ ಲೆಕ್ಕ. ಈ ನಾಣ್ಯದ ಹೆಸರುಗಳನ್ನು ಕೇಳಿದಾಗಲೆಲ್ಲ ಆಟದ ಮಾತನ್ನು ಪಂಡಿತರು ಕೂತು ಕಟ್ಟಿದ್ದಲ್ಲ ಎಂದು ಸಂತೋಷವಾಗುತ್ತದೆ. ಜೇಬಿನ ಚಿಲ್ಲರೆಯಿಂದ ಹುಟ್ಟಿದ ಪದಗಳಿವು.

ಕಾವಲಿನವರಲ್ಲಿ ಒಬ್ಬಿಬ್ಬರು ತಮ್ಮ ಜಾಗ ಬಿಟ್ಟು ನೇರ ಎಸೆಯುವವನ ಮೇಲೆಯೇ ಏರಿ ಹೋದರೆ ಅದು ‘ಬ್ಲಿಟ್ಝ್’. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ನರ ಮಿಂಚಿನ ದಾಳಿಯಿಂದ ಬಂದ ಪದ. ಹಿಂದೆ ಬಯಲಾದ ಜಾಗವನ್ನು ಪಣಕ್ಕಿಟ್ಟು ಆಡುವ ಆಟ ಅದು. ಎಸೆಯುವವನೇ ‘ಕ್ವಾರ್ಟರ್‌ಬ್ಯಾಕ್’. ಚೆಂಡಿಟ್ಟು ಆಟ ಶುರುಮಾಡುವ ಗೆರೆಯಿಂದ ಎಷ್ಟು ಹಿಂದೆ ನಿಲ್ಲುತ್ತಾನೆ ಎಂಬುದರ ಮೇಲೆ ಕಾಲು, ಅರೆ, ಪೂರ್ತಿ ಎಂದು ಕ್ವಾರ್ಟರ್, ಹಾಫ್, ಫುಲ್ ಬ್ಯಾಕ್‌ಗಳು ಹುಟ್ಟಿದರು. ಚೆಂಡು ಕೈಬಿಡುವ ಮೊದಲೇ, ಗೆರೆಯ ಹಿಂದೆಯೇ ಅವನನ್ನು ಕೆಡವಿದರೆ ‘ಸ್ಯಾಕ್’.

ಸ್ಯಾಕ್ ಎಂಬ ಪದದ ಬಗ್ಗೆ ಒಂದು ಮಾತು ಹೇಳಲೇಬೇಕು. ಅದನ್ನು ಬಳಕೆಗೆ ತಂದವನು ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದ ಡೀಕನ್ ಜೋನ್ಸ್. ಗೆದ್ದ ಸೈನ್ಯ ಪಟ್ಟಣವನ್ನು ಸೂರೆ ಮಾಡುತ್ತದಲ್ಲ, ಆ ಅರ್ಥದಲ್ಲಿ. ಅವನು 1974ರಲ್ಲಿ ಆಟ ಮುಗಿಸಿದ. ಎನ್‌ಎಫ್‌ಎಲ್ ಸ್ಯಾಕ್‌ಗಳನ್ನು ಅಧಿಕೃತವಾಗಿ ಎಣಿಸತೊಡಗಿದ್ದು 1982ರಲ್ಲಿ. ಹೀಗಾಗಿ ಆ ಪದವನ್ನು ಆಟಕ್ಕೆ ಕೊಟ್ಟವನ ಹೆಸರಿನಲ್ಲಿ ಅಧಿಕೃತವಾಗಿ ಒಂದೇ ಒಂದು ಸ್ಯಾಕ್ ಕೂಡ ಇಲ್ಲ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಹಳೆಯ ಪಂದ್ಯಗಳ ದಾಖಲೆ ನೋಡಿ ಸಂಶೋಧಕರು ಲೆಕ್ಕ ತೆಗೆದಿದ್ದಾರೆ, ಅದನ್ನು ಒಪ್ಪಿಕೊಳ್ಳಲು ಲೀಗಿಗೆ ಮನಸ್ಸು ಬರಬೇಕು.

ಇತ್ತ ಚೆಂಡು ಹಿಡಿದ ತಂಡ ಏನು ಮಾಡುತ್ತದೆ? ಒಟ್ಟಿಗೆ ತಲೆ ಸೇರಿಸಿ ವೃತ್ತವಾಗಿ ನಿಂತು ಮುಂದಿನ ಪಟ್ಟನ್ನು ಪಿಸುಗುಟ್ಟಿಕೊಳ್ಳುತ್ತದೆ. ಇದು ‘ಹಡಲ್’. ವಾಷಿಂಗ್ಟನ್‌ನ ಕಿವುಡರ ಕಾಲೇಜಾದ ಗ್ಯಾಲೊಡೆಟ್‌ನಲ್ಲಿ 1890ರ ದಶಕದಲ್ಲಿ ಇದು ಶುರುವಾಯಿತೆಂದು ಹೇಳುತ್ತಾರೆ. ಅಲ್ಲಿಯ ಕ್ವಾರ್ಟರ್‌ಬ್ಯಾಕ್ ಪಾಲ್ ಹಬರ್ಡ್ ಕೈಸನ್ನೆಯಲ್ಲೇ ಆದೇಶ ಕೊಡುತ್ತಿದ್ದ. ಎದುರಾಳಿಗಳೂ ಕಿವುಡರಾದರೆ ಸನ್ನೆ ಓದಿಬಿಡುತ್ತಾರಲ್ಲ? ಅದಕ್ಕೇ ಜೊತೆಗಾರರನ್ನು ಸುತ್ತ ನಿಲ್ಲಿಸಿ, ಬೆನ್ನುಗಳ ಗೋಡೆ ಕಟ್ಟಿ, ಒಳಗೆ ಸನ್ನೆ ಮಾಡಿದ. ಇಂದು ಜಗತ್ತಿನ ಎಷ್ಟೋ ಆಟಗಳಲ್ಲಿ ತಂಡಗಳು ಹೀಗೆ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುತ್ತವೆ.

ಹಡಲ್‌ನಲ್ಲಿ ಒಂದು ನಿಶ್ಚಯಿಸಿ ಬಂದ ಕ್ವಾರ್ಟರ್‌ಬ್ಯಾಕ್, ಗೆರೆಯ ಬಳಿ ಎದುರಾಳಿಗಳ ನಿಲುವು ನೋಡಿ ಮನಸ್ಸು ಬದಲಿಸಬಹುದು. ಆಗ ಕೂಗಿ ತಿಳಿಸುವ ಸಂಕೇತ ‘ಆಡಿಬಲ್’. 2014ರ ಜನವರಿಯಲ್ಲಿ ಸ್ಯಾನ್ ಡಿಯಾಗೊ ಚಾರ್ಜರ್ಸ್ ವಿರುದ್ಧದ ಪಂದ್ಯದಲ್ಲಿ ಡೆನ್ವರ್‌ನ ಪೇಟನ್ ಮ್ಯಾನಿಂಗ್ ‘ಒಮಾಹಾ’ ಎಂದು 44 ಸಲ ಕೂಗಿದ್ದನ್ನು ಟಿ.ವಿ. ನೋಡುತ್ತಿದ್ದವರು ಎಣಿಸಿದರು. ನೆಬ್ರಾಸ್ಕದ ಒಂದು ನಗರದ ಹೆಸರು ರಾತ್ರಿ ಬೆಳಗಾಗುವುದರೊಳಗೆ ಮನೆಮಾತಾಯಿತು.

ಥರ್ಡ್ ಡೌನ್ ಕೈಕೊಟ್ಟರೆ ಸಾಮಾನ್ಯವಾಗಿ ‘ಪಂಟ್’, ಎಂದರೆ ಚೆಂಡನ್ನು ಒದ್ದು ಎದುರಾಳಿಯನ್ನು ಆದಷ್ಟು ದೂರ ಅಟ್ಟುವುದು. ಗೋಲ್ ಕಂಬಗಳು ಹತ್ತಿರವಿದ್ದರೆ ಅವುಗಳ ನಡುವೆ ಒದೆದು ಫೀಲ್ಡ್ ಗೋಲ್, ಮೂರು ಅಂಕ. ಚೆಂಡನ್ನು ಎಂಡ್ ಝೋನಿಗೆ ಒಯ್ದರೆ ‘ಟಚ್‌ಡೌನ್’, ಅದಕ್ಕೆ ಆರು, ಮೇಲೆ ಒಂದೋ ಎರಡೋ ಹೆಚ್ಚುವರಿ. ಟಚ್‌ಡೌನ್ ಎಂಬುದು ಈಗ ಬರೀ ಹೆಸರು. ಚೆಂಡನ್ನು ನೆಲಕ್ಕೆ ಮುಟ್ಟಿಸಬೇಕಾಗಿಲ್ಲ, ಅದರ ತುದಿ ಎಂಡ್ ಝೋನಿನ ಗೆರೆಯ ಮೇಲಿನ ಗಾಳಿಯನ್ನು ದಾಟಿದರೆ ಸಾಕು. ನಿಜವಾಗಿ ಮುಟ್ಟಿಸುವ ಪದ್ಧತಿ ರಗ್ಬಿಯಲ್ಲಿ ಉಳಿದಿದೆ.

ಎದೆಗಾರಿಕೆ ಇರುವ ತರಬೇತುದಾರ ನಾಲ್ಕನೆಯ ಡೌನ್‌ನಲ್ಲೂ ಒದೆಯದೆ ಆಡುತ್ತಾನೆ. 2018ರ ಫೆಬ್ರುವರಿ 4, ಮಿನಿಯಾಪೊಲಿಸ್‌ನಲ್ಲಿ ಎನ್‌ಎಫ್‌ಎಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್. ಫಿಲಡೆಲ್ಫಿಯಾ ಈಗಲ್ಸ್‌ಗೆ ‘ಫೋರ್ತ್ ಆ್ಯಂಡ್ ಗೋಲ್’, ಒಂದೇ ಗಜ ದೂರ, ವಿರಾಮಕ್ಕೆ ಕೆಲವೇ ಸೆಕೆಂಡು. ಸುಲಭದ ಮೂರು ಅಂಕ ಕಣ್ಣೆದುರಿಗಿತ್ತು. ಅದನ್ನು ಬಿಟ್ಟು, ಎಸೆಯಬೇಕಾದ ಕ್ವಾರ್ಟರ್‌ಬ್ಯಾಕ್ ನಿಕ್ ಫೋಲ್ಸ್ ಮೆಲ್ಲಗೆ ಪಕ್ಕಕ್ಕೆ ಸರಿದು ಓಡಿದ. ಚೆಂಡು ಕೈಯಿಂದ ಕೈಗೆ ಹೋಗಿ ಟ್ರೇ ಬರ್ಟನ್‌ನಿಂದ ಅವನಿಗೇ ಬಂತು. ಎಸೆಯುವವನೇ ಹಿಡಿದ ಆ ಟಚ್‌ಡೌನ್ ‘ಫಿಲಿ ಸ್ಪೆಷಲ್’ ಎಂಬ ಹೆಸರಿನಿಂದ ಉಳಿಯಿತು. ಈಗಲ್ಸ್ 41–33ರಿಂದ ಗೆದ್ದು ಮೊದಲ ಸೂಪರ್ ಬೌಲ್ ಪಡೆದರು. ಈ ಆಟದಲ್ಲಿ ನಾನು ಕಂಡ ಅತ್ಯಂತ ಸುಂದರ ನಿರ್ಧಾರ ಅದು.

ಗಡಿಯಾರ ಮುಗಿಯುತ್ತ ಬಂದಾಗ ಕೊನೆಯ ಆಸೆಯಿಂದ ಬಲು ದೂರ ಎಸೆಯುವ ಚೆಂಡಿಗೆ ‘ಹೇಲ್ ಮೇರಿ’ ಎನ್ನುತ್ತಾರೆ. 1975ರ ಡಿಸೆಂಬರ್ 28ರಂದು ಮಿನೆಸೋಟದಲ್ಲಿ ಕೌಬಾಯ್ಸ್‌ನ ರೋಜರ್ ಸ್ಟಾಬ್ಯಾಕ್ 50 ಗಜದ ಪಾಸ್ ಎಸೆದ, ಡ್ರೂ ಪಿಯರ್‌ಸನ್ ಹಿಡಿದ, ಕೌಬಾಯ್ಸ್ 17–14ರಿಂದ ಗೆದ್ದರು. ಕಣ್ಮುಚ್ಚಿ ಮೇರಿ ಮಾತೆಯ ಪ್ರಾರ್ಥನೆ ಹೇಳಿಕೊಂಡೆ ಎಂದು ಕ್ಯಾಥೊಲಿಕ್ ಆದ ಸ್ಟಾಬ್ಯಾಕ್ ಆಮೇಲೆ ತಿಳಿಸಿದ. ಕಾಲೇಜು ಆಟದಲ್ಲಿ ಮೊದಲೇ ಇದ್ದ ಈ ಮಾತು ಅಂದಿನಿಂದ ಇಡೀ ದೇಶದ ನಾಲಿಗೆಗೆ ಬಂತು. ಈಗ ಚುನಾವಣೆಯ ವರದಿಗಳಲ್ಲೂ ಕಾಣುತ್ತದೆ.

ಸೂಪರ್ ಬೌಲ್ ಈಗ ಫೆಬ್ರುವರಿಯ ಎರಡನೇ ಭಾನುವಾರ ನಡೆಯುತ್ತದೆ. ಆಟ ಶುರುವಾಗುವಾಗ ನಮ್ಮಲ್ಲಿ ಸೋಮವಾರ ಬೆಳಗಿನ ಐದು ಗಂಟೆ. ಎದ್ದು ನೋಡಿ. ಮೊದಲ ಥರ್ಡ್ ಡೌನ್ ಬಂದಾಗ ಎಷ್ಟು ಗಜ ಬೇಕಿದೆ ಎಂದು ಕೇಳಿಸಿಕೊಳ್ಳಿ, ಹಳದಿ ಗೆರೆ ಎಲ್ಲಿದೆ ನೋಡಿ, ತಡೆಯುವವರ ಹಿಂದಿನ ಸಾಲಿನಲ್ಲಿ ಎಷ್ಟು ಜನ ನಿಂತಿದ್ದಾರೆ ಎಣಿಸಿ. ಐದು ಜನವಿದ್ದರೆ, ಅದು ನಿಕಲ್.