ಬೋಧನೆ ಉಳಿಸಿಕೊಂಡು ಪುನರುತ್ಥಾನ ಬಿಟ್ಟರೆ

ಯೇಸು ಮಹಾನುಭಾವ, ಆತನ ಬೋಧನೆ ಎಲ್ಲರಿಗೂ ಸಲ್ಲುವಂಥದು. ಕನ್ಯೆಯ ಮಗನಾಗಿ ಹುಟ್ಟಿದ್ದು, ಸತ್ತ ಮೂರನೆಯ ದಿನ ಎದ್ದುಬಂದದ್ದು ಎಲ್ಲ ಭಕ್ತರು ಆಮೇಲೆ ಸೇರಿಸಿದ್ದು. ಅದನ್ನು ಹಿಡಿದು ವಾದಕ್ಕಿಳಿಯುವುದು ಸಭ್ಯತೆಯಲ್ಲ. ಓದಿಕೊಂಡ ಕನ್ನಡಿಗರ ನಡುವೆ ಕ್ರೈಸ್ತ ಧರ್ಮದ ಮಾತು ಬಂದಾಗ ಹೆಚ್ಚಾಗಿ ಕೇಳುವ ಅಭಿಪ್ರಾಯವಿದು. ಗೋವಿಂದ ಪೈಯವರ ‘ಗೊಲ್ಗೊಥಾ’ ಓದಿ ಮನಸ್ಸು ಕರಗಿದವರೂ ಕೊನೆಗೆ ಹೀಗೆಯೇ ಹೇಳುತ್ತಾರೆ. ಕಿವಿಗೆ ಇದು ಉದಾರವಾಗಿ ಕೇಳಿಸುತ್ತದೆ. ಆದರೆ ಕ್ರೈಸ್ತರು ಯಾವುದನ್ನು ನಿಜವೆಂದು ಹೇಳುತ್ತಿದ್ದಾರೋ ಅದನ್ನು ಪರೀಕ್ಷಿಸದೆ ಪಕ್ಕಕ್ಕಿಟ್ಟು, ಅವರು ಹೇಳದ ಇನ್ನೊಂದನ್ನು ಹೊಗಳುವುದರಲ್ಲಿ ಗೌರವವೂ ಇಲ್ಲ, ವಿಚಾರವೂ ಇಲ್ಲ ಎಂಬುದು ನನ್ನ ತಕರಾರು.

ಈ ಅಭಿಪ್ರಾಯಕ್ಕೆ ದೊಡ್ಡವರ ಬೆಂಬಲವಿದೆ, ನಿಜ. 1820ರಲ್ಲಿ ರಾಮಮೋಹನ ರಾಯರು ಕಲ್ಕತ್ತೆಯಲ್ಲಿ ‘ದಿ ಪ್ರಿಸೆಪ್ಟ್ಸ್ ಆಫ್ ಜೀಸಸ್’ ಪ್ರಕಟಿಸಿದರು. ನಾಲ್ಕು ಸುವಾರ್ತೆಗಳಿಂದ ನೀತಿಬೋಧೆಯನ್ನು ಆಯ್ದು, ಪವಾಡಗಳನ್ನು ಬಿಟ್ಟರು. ಯೋಹಾನನ ಸುವಾರ್ತೆಯ ಬಹುಭಾಗವನ್ನೂ ಬಿಟ್ಟರು. ಅದೇ ವರ್ಷದ ಹೊತ್ತಿಗೆ ಅಮೆರಿಕದಲ್ಲಿ ವೃದ್ಧ ತಾಮಸ್ ಜೆಫರ್ಸನ್ ಬೈಬಲ್ಲಿನ ಹಾಳೆಗಳನ್ನು ಕತ್ತರಿಸಿ ಅಂಟಿಸಿ ಇಂಥದೇ ಒಂದು ಪುಸ್ತಕ ಮಾಡಿಕೊಂಡಿದ್ದ. ಸಮಾಧಿಯ ಬಾಯಿಗೆ ಕಲ್ಲು ಉರುಳಿಸುವಲ್ಲಿಗೆ ಅದು ಮುಗಿಯುತ್ತದೆ. ಮುಂದೆ ಗಾಂಧೀಜಿ, ಯೇಸು ಎಂಬವನು ಹುಟ್ಟಿಯೇ ಇರಲಿಲ್ಲವೆಂದು ಯಾರಾದರೂ ತೋರಿಸಿಕೊಟ್ಟರೂ ತಮ್ಮ ಪಾಲಿಗೆ ಪರ್ವತ ಪ್ರಸಂಗ ಸತ್ಯವಾಗಿಯೇ ಉಳಿಯುತ್ತದೆ ಎಂಬರ್ಥದ ಮಾತಾಡಿದರು.

ಆದರೆ ರಾಯರು ವಾದ ಬೇಡವೆಂದವರಲ್ಲ. ಶ್ರೀರಾಮಪುರದ ಮಿಷನರಿ ಜೋಶುವಾ ಮಾರ್ಷ್‌ಮನ್ ಪುಸ್ತಕವನ್ನು ಖಂಡಿಸಿದಾಗ ಅವರು 1823ರವರೆಗೆ ಒಂದರ ಮೇಲೊಂದರಂತೆ ಮೂರು ಉತ್ತರಗಳನ್ನು ಬರೆದರು. ಕೊನೆಯದನ್ನು ಬ್ಯಾಪ್ಟಿಸ್ಟ್ ಮುದ್ರಣಾಲಯ ಅಚ್ಚು ಹಾಕಲು ಒಪ್ಪದಿದ್ದಾಗ ತಮ್ಮದೇ ಅಚ್ಚುಕೂಟ ಹೂಡಿದರು. ತ್ರಿತ್ವ, ಪ್ರಾಯಶ್ಚಿತ್ತ ಎರಡನ್ನೂ ಬೈಬಲ್ಲಿನ ವಾಕ್ಯಗಳನ್ನೇ ಮುಂದಿಟ್ಟು ಪ್ರಶ್ನಿಸಿದರು. ಅವರೊಂದಿಗೆ ಸುವಾರ್ತೆಗಳನ್ನು ಬಂಗಾಳಿಗೆ ಅನುವಾದಿಸುತ್ತಿದ್ದ ಬ್ಯಾಪ್ಟಿಸ್ಟ್ ಮಿಷನರಿ ವಿಲಿಯಂ ಆಡಂ ಈ ಚರ್ಚೆಯ ನಡುವೆಯೇ 1821ರಲ್ಲಿ ತ್ರಿತ್ವವನ್ನು ಕೈಬಿಟ್ಟು ಏಕದೇವವಾದಿಯಾದ. ಮತಾಂತರ ಮಾಡಿಸಲು ಬಂದವನ ನಿಲುವನ್ನೇ ವಾದ ಬದಲಿಸಿತ್ತು. ನಾವು ರಾಯರ ತೀರ್ಮಾನವನ್ನು ಉಳಿಸಿಕೊಂಡು ಅವರ ಶ್ರಮವನ್ನು ಕೈಬಿಟ್ಟಿದ್ದೇವೆ.

ಮಾರ್ಷ್‌ಮನ್‌ನ ಧಾಟಿ ಒರಟಾಗಿತ್ತು, ಆದರೆ ಅವನ ಮುಖ್ಯ ಆಕ್ಷೇಪದಲ್ಲಿ ಹುರುಳಿತ್ತು. ಬೋಧನೆಯನ್ನು ಬೋಧಕನ ಹಕ್ಕಿನಿಂದ ಬಿಡಿಸಿ ತೆಗೆಯಲು ಬರುವುದಿಲ್ಲ. ಪರ್ವತ ಪ್ರಸಂಗವಿರುವ, ಮತ್ತಾಯನ ಸುವಾರ್ತೆಯ ಐದರಿಂದ ಏಳನೆಯ ಅಧ್ಯಾಯಗಳನ್ನು ಗಮನವಿಟ್ಟು ಓದಿ. ನಾಳೆಯ ಚಿಂತೆ ಬೇಡ ಎಂಬ ಮಾತಿಗೆ ಅಲ್ಲಿ ಕೊಟ್ಟ ಮುಖ್ಯ ಕಾರಣ: ನಿಮಗೆ ಏನು ಬೇಕೆಂಬುದು ಪರಲೋಕದ ತಂದೆಗೆ ಗೊತ್ತು. ಅಂಥ ತಂದೆ ಇಲ್ಲವೆಂದಾದರೆ ಈ ಮಾತು ದಿನಗೂಲಿ ಮಾಡಿ ಮಕ್ಕಳನ್ನು ಸಾಕುವವಳಿಗೆ ಕೊಟ್ಟ ಕೆಟ್ಟ ಸಲಹೆಯಾಗುತ್ತದೆ. ಶತ್ರುವನ್ನು ಪ್ರೀತಿಸಿ ಎಂಬುದಕ್ಕೂ ಆಧಾರ, ದುಷ್ಟರ ಮೇಲೂ ಶಿಷ್ಟರ ಮೇಲೂ ಒಂದೇ ಸಮನೆ ಮಳೆ ಸುರಿಸುವ ದೇವರು. ಹಿರಿಯರು ಹೇಳಿದ್ದನ್ನು ಕೇಳಿದ್ದೀರಿ, ನಾನಾದರೋ ಹೀಗೆ ಹೇಳುತ್ತೇನೆ ಎಂಬ ಧಾಟಿ ಉದ್ದಕ್ಕೂ ಇದೆ. ಕೊನೆಯಲ್ಲಂತೂ ಅಂತಿಮ ತೀರ್ಪಿನ ದಿನ ತನ್ನನ್ನು ಕರೆದು ಬರುವವರನ್ನು ತಾನೇ ತಿರಸ್ಕರಿಸುವ ಮಾತಾಡುತ್ತಾನೆ. ಪವಾಡಗಳನ್ನು ತೆಗೆದುಹಾಕಿದ ಮೇಲೂ ಈ ಹಕ್ಕಿನ ದನಿ ಉಳಿಯುತ್ತದೆ. ಇನ್ನು ಪೌಲನಂತೂ ಯಾವ ಮರೆಯನ್ನೂ ಇಟ್ಟುಕೊಂಡಿಲ್ಲ. ಕ್ರಿಸ್ತ ಎದ್ದಿಲ್ಲವಾದರೆ ನಮ್ಮ ಉಪದೇಶವೂ ನಿಮ್ಮ ನಂಬಿಕೆಯೂ ವ್ಯರ್ಥ ಎಂಬ ಅರ್ಥದಲ್ಲಿ ಕೊರಿಂಥದವರಿಗೆ ಅವನೇ ಬರೆದ. ಇಷ್ಟು ನೇರವಾಗಿ, ಸುಳ್ಳೆಂದು ತೋರಿಸಬಹುದಾದ ಒಂದು ಘಟನೆಯ ಮೇಲೆ ಇಡೀ ಧರ್ಮವನ್ನು ನಿಲ್ಲಿಸಿದ ಮಾತನ್ನು ತೂಗಿ ನೋಡುವುದೇ ಅದಕ್ಕೆ ಸಲ್ಲಿಸುವ ಮರ್ಯಾದೆ.

ಹಾಗೆಂದು ಕ್ರೈಸ್ತರ ಪರವಾಗಿ ಮುಂದಿಡುವ ಎಲ್ಲ ವಾದಗಳೂ ಈ ಘಟನೆಗೆ ಸಂಬಂಧಿಸಿದವಲ್ಲ. ಜಗತ್ತಿಗೆ ಒಬ್ಬ ಕರ್ತ ಇರಲೇಬೇಕೆಂಬ ಅನುಮಾನವನ್ನು ನಮ್ಮಲ್ಲಿ ನೈಯಾಯಿಕ ಉದಯನ ‘ನ್ಯಾಯಕುಸುಮಾಂಜಲಿ’ಯಲ್ಲಿ ಸಮರ್ಥಿಸಿದ್ದಾನೆ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರು, ಪರಮ ಈಶ್ವರಭಕ್ತರಾಗಿದ್ದೂ, ಆ ಅನುಮಾನವನ್ನು ಶ್ರೀಭಾಷ್ಯದಲ್ಲಿ ಒಡೆದಿದ್ದಾರೆ. ಜಗತ್ತು ಕಾರ್ಯವೆಂದು ಒಪ್ಪಿದರೂ ಅದನ್ನು ಒಬ್ಬನೇ, ಒಂದೇ ಕಾಲದಲ್ಲಿ ಮಾಡಿದನೆಂದು ಹೇಗೆ ಗೊತ್ತಾಗುತ್ತದೆ ಎಂಬುದು ಅವರ ಪ್ರಶ್ನೆ. 1779ರಲ್ಲಿ ಅಚ್ಚಾದ ಡೇವಿಡ್ ಹ್ಯೂಮ್‌ನ ಸಂವಾದಗಳಲ್ಲಿಯೂ ಹೆಚ್ಚುಕಡಿಮೆ ಇದೇ ಪ್ರಶ್ನೆ ಇದೆ. ಆ ವಾದ ಗೆದ್ದರೂ ಸಿಗುವುದು ಉದಯನನಿಗೂ ಸಲ್ಲುವ ಈಶ್ವರ. ಅಲ್ಲಿಂದ ನಜರೇತಿನ ಬಡಗಿಯವರೆಗಿನ ದಾರಿ ಹಾಗೆಯೇ ಉಳಿದಿರುತ್ತದೆ.

ಆ ದಾರಿಯನ್ನು ಹ್ಯೂಮ್ 1748ರಲ್ಲಿಯೇ ಮುಚ್ಚಿಬಿಟ್ಟ ಎಂಬುದು ವಿಚಾರವಾದಿಗಳ ಬಳಗದ ಸಿದ್ಧ ಉತ್ತರ. ಪವಾಡವೆಂದರೆ ನಿಸರ್ಗನಿಯಮದ ಉಲ್ಲಂಘನೆ. ಆ ನಿಯಮದ ಹಿಂದೆ ಎಲ್ಲರ ಎಲ್ಲ ಕಾಲದ ಅನುಭವವಿದೆ. ಆದ್ದರಿಂದ ಪವಾಡ ನಡೆಯಿತು ಎನ್ನುವುದಕ್ಕಿಂತ ಸಾಕ್ಷಿ ಹೇಳಿದವರು ತಪ್ಪಿದರು ಎನ್ನುವುದೇ ಹೆಚ್ಚು ಸಂಭವ. ಈ ವಾದದ ನಡುವೆ ಹ್ಯೂಮ್ ಒಬ್ಬ ಭಾರತೀಯ ರಾಜನನ್ನು ತರುತ್ತಾನೆ. ನೀರು ಹೆಪ್ಪುಗಟ್ಟುವ ಸುದ್ದಿ ಮೊದಲು ಕೇಳಿದಾಗ ಆ ರಾಜ ನಂಬಲಿಲ್ಲ. ಅವನ ತರ್ಕ ಸರಿಯಾಗಿಯೇ ಇತ್ತು ಎನ್ನುತ್ತಾನೆ ಹ್ಯೂಮ್. ಹೆಪ್ಪುಗಟ್ಟುವುದು ರಾಜನ ಅನುಭವಕ್ಕೆ ವಿರುದ್ಧವಲ್ಲ, ಅದರ ಆಚೆಯದು ಮಾತ್ರ ಎಂದು ಭೇದವನ್ನೂ ಮಾಡುತ್ತಾನೆ. ಆದರೆ ಬಿಸಿಲ ನಾಡಿನಲ್ಲೇ ಕೂತ ರಾಜನಿಗೆ ಆ ಭೇದ ತಿಳಿಯುವುದು ಹೇಗೆ? ತನ್ನ ಅನುಭವದ ಗಡಿಯೇ ನಿಸರ್ಗದ ಗಡಿಯೆಂದು ತಿಳಿದು ಅವನು ಇರುವುದನ್ನು ಇಲ್ಲವೆಂದ. ಹೊಸ ಸಂಗತಿಯೊಂದು ಸಾಕ್ಷ್ಯದ ಮೂಲಕ ಒಳಬರುವ ಬಾಗಿಲನ್ನೇ ಮುಚ್ಚುವ ವಿಧಾನ ಎಚ್ಚರದ ವಿಧಾನವಾಗಲಾರದು.

ಇದನ್ನು ಮೊದಲು ಲೆಕ್ಕದ ಭಾಷೆಯಲ್ಲಿ ಹಿಡಿದವನು ರಿಚರ್ಡ್ ಪ್ರೈಸ್. ತಾಮಸ್ ಬೇಯಸ್ ಸತ್ತ ಮೇಲೆ ಅವನ ಸಂಭವನೀಯತೆಯ ಪ್ರಬಂಧವನ್ನು 1763ರಲ್ಲಿ ಬೆಳಕಿಗೆ ತಂದವನೂ ಇವನೇ. ಲಾಟರಿಯಲ್ಲಿ ಇಂಥದೇ ನಂಬರು ಬರುವ ಸಂಭವ ಅತ್ಯಲ್ಪ, ಪತ್ರಿಕೆ ತಪ್ಪು ಮಾಡುವ ಸಂಭವ ಅದಕ್ಕಿಂತ ಎಷ್ಟೋ ಹೆಚ್ಚು. ಆದರೂ ಪತ್ರಿಕೆಯಲ್ಲಿ ಬಂದ ನಂಬರನ್ನು ನಾವು ನಂಬುತ್ತೇವೆ, ನಂಬುವುದು ಸರಿಯೂ ಹೌದು. ಘಟನೆ ಎಷ್ಟು ಅಪರೂಪ ಎಂಬುದರ ಜೊತೆಗೆ, ಅದು ನಡೆಯದಿದ್ದರೆ ಇಂಥ ಸಾಕ್ಷ್ಯ ಹುಟ್ಟುತ್ತಿತ್ತೇ ಎಂದೂ ಕೇಳಬೇಕು. ಈ ತಿದ್ದುಪಡಿ ಸರಿಯಾದದ್ದು. ಹ್ಯೂಮ್‌ನನ್ನು ಉಲ್ಲೇಖಿಸಿ ಮಾತು ಮುಗಿಸುವವರು ಇದನ್ನು ಓದಿಲ್ಲವೆಂದೇ ತೋರುತ್ತದೆ.

ಹಾಗಾದರೆ ಸಾಕ್ಷ್ಯ ಎಂಥದು? ಪೌಲನ ಪತ್ರ ಸುಮಾರು ಕ್ರಿ.ಶ. 55ರದು, ಶಿಲುಬೆಯ ಘಟನೆಯಾಗಿ ಕಾಲು ಶತಮಾನದೊಳಗೆ ಬರೆದದ್ದು. ಎದ್ದುಬಂದ ಯೇಸುವನ್ನು ಕಂಡವರ ಪಟ್ಟಿಯೊಂದನ್ನು, ತನಗೆ ಹಿಂದಿನವರಿಂದ ಬಂದದ್ದೆಂದು ಹೇಳಿ, ಅದರಲ್ಲಿ ಕೊಡುತ್ತಾನೆ: ಪೇತ್ರ, ಹನ್ನೆರಡು ಮಂದಿ, ಐನೂರಕ್ಕೂ ಹೆಚ್ಚು ಜನ, ಯಾಕೋಬ, ಕೊನೆಗೆ ತಾನು. ಪೇತ್ರನ ಜೊತೆ ಹದಿನೈದು ದಿನ ಇದ್ದೆ, ಯೇಸುವಿನ ತಮ್ಮ ಯಾಕೋಬನನ್ನೂ ಕಂಡೆ ಎಂದು ಇನ್ನೊಂದು ಪತ್ರದಲ್ಲಿ ಬರೆಯುತ್ತಾನೆ. ಅಣ್ಣನನ್ನು ಬದುಕಿರುವಾಗ ನಂಬದ ಈ ತಮ್ಮ ಮುಂದೆ ಜೆರೂಸಲೇಮಿನ ಸಭೆಯ ಮುಖ್ಯನಾಗಿ ಕಲ್ಲೇಟಿಗೆ ಸತ್ತ. ಆ ಸಾವನ್ನು ಯೆಹೂದಿ ಇತಿಹಾಸಕಾರ ಜೋಸೆಫಸ್ ದಾಖಲಿಸಿದ್ದಾನೆ. ಇವರು ಬೇಕೆಂದು ಸುಳ್ಳು ಹೇಳಿದರು ಎನ್ನುವುದು ನಿಲ್ಲುವ ಮಾತಲ್ಲ. ತಲೆಮಾರುಗಳ ಬಳಿಕ ಹುಟ್ಟಿದ ಕಟ್ಟುಕಥೆ ಎಂಬ ನಮ್ಮ ಸಾಮಾನ್ಯ ಊಹೆಯೂ ಇಲ್ಲಿ ಕುಸಿಯುತ್ತದೆ.

ಆದರೆ ಪೌಲ ಕಂಡದ್ದು ದರ್ಶನ. ಉಳಿದವರಿಗೆ ಕಂಡದ್ದನ್ನೂ ಅವನು ಅದೇ ಸಾಲಿನಲ್ಲಿಟ್ಟು, ಭೇದ ಮಾಡದೆ ಹೇಳುತ್ತಾನೆ. ಸುವಾರ್ತೆಗಳಲ್ಲಿ ಎಲ್ಲಕ್ಕಿಂತ ಹಳೆಯದಾದ ಮಾರ್ಕನದು, ನಮಗೆ ಸಿಕ್ಕ ಪ್ರಾಚೀನ ಹಸ್ತಪ್ರತಿಗಳಲ್ಲಿ, ಹೆಂಗಸರು ಬರಿದಾದ ಸಮಾಧಿಯಿಂದ ಹೆದರಿ ಓಡಿಹೋಗಿ ಯಾರಿಗೂ ಏನೂ ಹೇಳದಿರುವಲ್ಲಿ ನಿಂತುಬಿಡುತ್ತದೆ. ಶಿಷ್ಯರಿಗೆ ಯೇಸು ಕಂಡದ್ದು ಮತ್ತಾಯನಲ್ಲಿ ಗಲಿಲಾಯದ ಬೆಟ್ಟದ ಮೇಲೆ, ಲೂಕನಲ್ಲಿ ಜೆರೂಸಲೇಮಿನಲ್ಲಿ. ಕಂಡೆವೆಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು ಎಂಬಲ್ಲಿಯವರೆಗೆ ಇತಿಹಾಸ ನಮ್ಮನ್ನು ಕರೆದೊಯ್ಯುತ್ತದೆ. ಪ್ರಿಯರನ್ನು ಕಳೆದುಕೊಂಡವರಿಗೆ ಅವರು ಕಾಣಿಸುವುದು ಅಪರೂಪವಲ್ಲ. ಹೀಗಾಗಿ ಲಾಟರಿಯ ನಂಬರಿನಲ್ಲಿ ಸ್ವಂತ ಆಸೆಯಿಲ್ಲದ ಪತ್ರಿಕೆಯ ಜಾಗದಲ್ಲಿ ಈ ಸಾಕ್ಷಿಗಳನ್ನು ಕೂರಿಸಲಾಗದು. ದಾರ್ಶನಿಕ ರಿಚರ್ಡ್ ಸ್ವಿನ್‌ಬರ್ನ್ 2003ರ ಪುಸ್ತಕದಲ್ಲಿ ಲೆಕ್ಕ ಹಾಕಿ, ಪುನರುತ್ಥಾನದ ಸಂಭವ ನೂರಕ್ಕೆ 97 ಎಂದರು. ಆದರೆ ಆ ಲೆಕ್ಕಕ್ಕೆ ಹಾಕಿದ ಮೊದಲ ಅಂಕಿಗಳೆಲ್ಲ ಊಹೆಯವು. ದೇವರಿದ್ದಾನೆ, ಅವನು ಅವತರಿಸಲು ಬಯಸುತ್ತಾನೆ, ಅದು ಯೇಸುವಿನಲ್ಲೇ ಆಯಿತು ಎಂದು ಸಂಭವದ ಮೇಲೆ ಸಂಭವ ಗುಣಿಸುತ್ತ ಹೋದಂತೆ ಗುಣಲಬ್ಧ ಸೊರಗುತ್ತದೆಂದು ಹೇಳಿದ ಆಲ್ವಿನ್ ಪ್ಲಾಂಟಿಂಗ ಸ್ವತಃ ನಿಷ್ಠಾವಂತ ಕ್ರೈಸ್ತ.

ಸಿ. ಎಸ್. ಲೂಯಿಸ್ ಎತ್ತಿದ, ಪ್ರಚಾರಕರು ಇಂದಿಗೂ ಬಿಡದ ಪ್ರಶ್ನೆ ಯೇಸು ಸುಳ್ಳನೋ, ಹುಚ್ಚನೋ, ಪ್ರಭುವೋ ಎಂಬುದು. ಬರೀ ನೀತಿಬೋಧಕ ಎನ್ನುವವರಿಗೆ ಅದು ತಕ್ಕ ಪೆಟ್ಟು ಕೊಡುತ್ತದೆ. ಆದರೆ ತಾನೇ ದೇವರೆಂದು ಯೇಸು ಬಾಯಿಬಿಟ್ಟು ಹೇಳುವುದು ಮುಖ್ಯವಾಗಿ ಯೋಹಾನನಲ್ಲಿ. ಮೊದಲಿನ ಮೂರು ಸುವಾರ್ತೆಗಳಲ್ಲಿ ಆ ಮಾತು ಅಷ್ಟು ಬಿಚ್ಚಿ ಬರುವುದಿಲ್ಲ. ಒಬ್ಬ ಮನುಷ್ಯ ತನ್ನ ಕರೆಯ ವಿಷಯದಲ್ಲಿ ಪ್ರಾಮಾಣಿಕವಾಗಿ ತಪ್ಪಿರಲೂಬಹುದು.

ಎದುರು ಪಕ್ಷದ ವಾದಗಳಲ್ಲಿ ಕೆಡುಕಿನ ಪ್ರಶ್ನೆಯನ್ನೇ ಎಲ್ಲರೂ ಮೊದಲು ಎತ್ತುತ್ತಾರೆ. ದಾರ್ಶನಿಕ ವಿಲಿಯಂ ರೋ 1979ರಲ್ಲಿ ಕಾಡ್ಗಿಚ್ಚಿನಲ್ಲಿ ಸುಟ್ಟು ದಿನಗಟ್ಟಲೆ ನರಳಿ ಸಾಯುವ ಜಿಂಕೆಮರಿಯನ್ನು ಮುಂದಿಟ್ಟ. ಆ ನೋವಿನಿಂದ ಯಾರಿಗೆ ಯಾವ ಒಳಿತು? ಶಿಲುಬೆಯ ಮೇಲೆ ದೇವರೇ ನೊಂದ ಎಂಬುದು ಕ್ರೈಸ್ತರಿಗೆ ಮಾತ್ರ ಸಾಧ್ಯವಾದ ಉತ್ತರ. ಮನುಷ್ಯನ ಮಟ್ಟಿಗೆ ಅದು ಬಹು ದೊಡ್ಡ ಮಾತೆಂದು ನನಗನ್ನಿಸುತ್ತದೆ. ಜಿಂಕೆಮರಿಯನ್ನು ಮಾತ್ರ ಅದು ಮುಟ್ಟುವುದಿಲ್ಲ.

ನನ್ನ ಮಟ್ಟಿಗೆ ಇದಕ್ಕಿಂತ ಭಾರವಾದದ್ದು ಕೆನಡಾದ ಜೆ. ಎಲ್. ಶೆಲೆನ್‌ಬರ್ಗ್ 1993ರಲ್ಲಿ ರೂಪ ಕೊಟ್ಟ ವಾದ. ಪೂರ್ಣ ಪ್ರೀತಿಯ ದೇವರಿದ್ದರೆ, ತನ್ನನ್ನು ತಿರಸ್ಕರಿಸದ ಯಾರಿಗೇ ಆಗಲಿ ತನ್ನ ಸಂಬಂಧ ಸಿಗದಂತೆ ಮರೆಯಾಗಿರಲಾರ. ಪಂಪನನ್ನು ನೆನೆಯಿರಿ. ಅವನ ಕಾಲಕ್ಕೆ ಕೇರಳದಲ್ಲಿ ಕ್ರೈಸ್ತರಿದ್ದರು. ಕೊಲ್ಲಂನ ಸಭೆಗೆ ಕೊಟ್ಟ 849ರ ತಾಮ್ರಶಾಸನ ಈಗಲೂ ಇದೆ. ಆದರೂ ಆ ಸುದ್ದಿ ಅವನವರೆಗೆ ಬಂದ ಕುರುಹು ಅವನ ಕಾವ್ಯದಲ್ಲಿಲ್ಲ. ‘ಆದಿಪುರಾಣ’ ಬರೆದವನಲ್ಲಿ ಸತ್ಯದ ಹಂಬಲ ಕಡಿಮೆಯಿತ್ತೇ? ತಿಳಿಯದೆ ಉಳಿದವರಿಗೂ ರಕ್ಷಣೆ ದೊರೆಯಬಲ್ಲುದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಸಾರಿತು. ಅದು ಶಿಕ್ಷೆಯ ಅನ್ಯಾಯವನ್ನು ನೀಗುತ್ತದೆ. ಮರೆಯಾಗಿದ್ದದ್ದು ಏಕೆಂಬ ಪ್ರಶ್ನೆಯನ್ನು ನೀಗುವುದಿಲ್ಲ.

ಮನುಷ್ಯನ ಸ್ವಾತಂತ್ರ್ಯ ಕಾಯಲೆಂದೇ ದೇವರು ಮರೆಯಲ್ಲಿರುತ್ತಾನೆ ಎಂಬ ಉತ್ತರ ಪ್ಯಾಸ್ಕಲ್‌ನ ಕಾಲದಿಂದ ನಾನಾ ರೂಪದಲ್ಲಿ ಬಂದಿದೆ. ಹೊಸ ಒಡಂಬಡಿಕೆಯೇ ಅದಕ್ಕೆ ಅಡ್ಡ ನಿಲ್ಲುತ್ತದೆ. ಪೇತ್ರ ಯೇಸುವಿನ ಜೊತೆ ಉಂಡು ನಡೆದವನು, ಆದರೂ ಒಂದೇ ರಾತ್ರಿಯಲ್ಲಿ ಮೂರು ಸಲ ಅವನನ್ನು ಅರಿಯೆನೆಂದ. ಕಣ್ಣಾರೆ ಕಂಡದ್ದರಿಂದ ಅವನ ಸ್ವಾತಂತ್ರ್ಯವೇನೂ ಹೋಗಲಿಲ್ಲ. ಪೌಲನೋ ಕ್ರೈಸ್ತರನ್ನು ಹಿಡಿದು ಸೆರೆಗೆ ಹಾಕಿಸುತ್ತಿದ್ದವನು. ದಮಸ್ಕದ ದಾರಿಯಲ್ಲಿ ಅವನನ್ನು ನೆಲಕ್ಕೆ ಕೆಡವಿ ತನ್ನನ್ನು ತೋರಿಸಿಕೊಳ್ಳಲು ಕ್ರಿಸ್ತ ಹಿಂಜರಿಯಲಿಲ್ಲವೆಂದು ಅದೇ ಗ್ರಂಥ ಹೇಳುತ್ತದೆ. ವಿರೋಧಿಗೆ ದೊರೆತ ಆ ಬೆಳಕು ಯಾವ ವಿರೋಧವೂ ಇಲ್ಲದ ಪಂಪನಿಗೆ ಏಕೆ ದೊರೆಯಲಿಲ್ಲ? ಕ್ರೈಸ್ತ ಮಿತ್ರರೊಡನೆ ನಾನು ಕೂತು ಚರ್ಚಿಸಬಯಸುವುದು ಇದನ್ನು; ಪರ್ವತ ಪ್ರಸಂಗದ ಸೊಗಸಿನ ಬಗ್ಗೆ ನಮ್ಮಲ್ಲಿ ಮೊದಲಿನಿಂದಲೂ ಜಗಳವಿಲ್ಲ.